ಬೇಳೆಯಲ್ಲೂ ಪ್ರೋಟೀನು, ಜೇಡರ ನೂಲಲ್ಲೂ ಪ್ರೋಟೀನು: ಮತ್ತೆ ಇಷ್ಟು ಗಟ್ಟಿ ಹೇಗೆ?

ಪ್ರಶ್ನೆ: ನಾವು ಡೊಂಬಿವಿಲಿಯಲ್ಲಿದ್ದೇವೆ. ದೀಪಾವಳಿ ರಜೆಯಲ್ಲಿ ಬೊರಿವಲಿಯ ಸಂಜಯ್ ಗಾಂಧಿ ಉದ್ಯಾನಕ್ಕೆ ಹೋಗಿದ್ದಾಗ, ಕಾನ್ಹೇರಿ ಗುಹೆಯ ದಾರಿಯಲ್ಲಿ ಒಂದು ದೊಡ್ಡ ಹಳದಿ ಬಲೆ ಮಗನ ಮುಖಕ್ಕೆ ಸಿಕ್ಕಿಕೊಂಡಿತು. ಬಿಡಿಸುವಾಗ ಎಳೆಗಳು ಹಿಗ್ಗಿ ಹಿಗ್ಗಿ ಆಮೇಲೆ ಹರಿದವು. ಜೇಡರ ನೂಲು ಉಕ್ಕಿಗಿಂತ ಐದು ಪಟ್ಟು ಗಟ್ಟಿ ಎಂದು ಅವನ ಪುಸ್ತಕದಲ್ಲಿದೆ, ಅದು ಪ್ರೋಟೀನು ಎಂದೂ ಇದೆ. ತೊಗರಿಬೇಳೆ, ಮೊಟ್ಟೆಯಲ್ಲಿ ಇರೋದೂ ಪ್ರೋಟೀನೇ ಅಲ್ವಾ? ಅದು ಉಕ್ಕಿನಷ್ಟು ಗಟ್ಟಿ ಆಗೋದು ಹೇಗೆ? ಹಾಗಿದ್ದರೆ ಮನೆಯ ಬಲೆ ಪೊರಕೆಗೆ ಯಾಕೆ ಹರಿಯುತ್ತದೆ? ಇದನ್ನು ಕಾರ್ಖಾನೆಯಲ್ಲಿ ಮಾಡೋಕೆ ಆಗಲ್ವಾ? ಮಗನ ಶಾಲೆಯ ಪ್ರಾಜೆಕ್ಟಿಗೂ ಇದೇ ವಿಷಯ ಇಟ್ಟುಕೊಂಡಿದ್ದೇವೆ.

ಉತ್ತರ: ನಾನು ಮುಂಬಯಿಯಲ್ಲಿ ನಾರು, ನೂಲುಗಳ ವಿಜ್ಞಾನ ಕಲಿಸುವವನು. ಜೇಡರ ನೂಲಿನ ಬಗ್ಗೆ ಕೇಳುವವರು ಬಹಳ ಜನ. ಬೇಳೆಯಿಂದ ಶುರು ಮಾಡಿ ಕೇಳುವವರು ಕಡಿಮೆ. ನಿಮ್ಮ ಪತ್ರದಲ್ಲಿ ನಿಜವಾಗಿ ಉತ್ತರ ಬೇಡುವ ಪ್ರಶ್ನೆ ಆ ಬೇಳೆಯದೇ. ಮೊದಲು ಉಕ್ಕಿನ ಲೆಕ್ಕ ಮುಗಿಸಿ ಅಲ್ಲಿಗೆ ಬರುತ್ತೇನೆ.

ಜೇಡ ಒಂದೇ ತರಹದ ನೂಲು ತೆಗೆಯುವುದಿಲ್ಲ. ಚಕ್ರದಂಥ ಬಲೆ ಹೆಣೆಯುವ ಹೆಣ್ಣು ಜೇಡದ ಹೊಟ್ಟೆಯಲ್ಲಿ ಏಳು ಬಗೆಯ ಗ್ರಂಥಿಗಳಿರುತ್ತವೆ. ಮೊಟ್ಟೆ ಸುತ್ತಲು ಒಂದು, ಬೇಟೆಯನ್ನು ಸುತ್ತಿ ಕಟ್ಟಲು ಒಂದು, ನೂಲಿನ ತುದಿಯನ್ನು ಎಲೆಗೋ ಗೋಡೆಗೋ ಅಂಟಿಸಲು ಒಂದು, ಹೀಗೆ. ಉಕ್ಕಿನ ಜೊತೆ ಹೋಲಿಸುವುದು ಇವುಗಳಲ್ಲಿ ಒಂದನ್ನು ಮಾತ್ರ. ಜೇಡ ಕೆಳಗಿಳಿಯುವಾಗ ತನ್ನ ಹಿಂದೆ ಬಿಡುತ್ತಾ ಹೋಗುವ ಎಳೆ ಅದು. ಬಲೆಯ ಚೌಕಟ್ಟಿಗೂ ನಡುವಿನಿಂದ ಹೊರಡುವ ಕಡ್ಡಿಗಳಿಗೂ ಅದೇ ಎಳೆ. ಇದನ್ನು ಡ್ರ್ಯಾಗ್‌ಲೈನ್ ಎನ್ನುತ್ತಾರೆ.

ಡ್ರ್ಯಾಗ್‌ಲೈನ್ ಹರಿಯಬೇಕಾದರೆ ಸುಮಾರು 1.1 ಗಿಗಾಪಾಸ್ಕಲ್ ಸೆಳೆತ ಬೇಕು (ಇಷ್ಟು ದಪ್ಪಕ್ಕೆ ಇಷ್ಟು ಸೆಳೆತ ಎಂದು ಅಳೆಯುವ ಮಾನ ಅದು). ಒಳ್ಳೆಯ ಗಟ್ಟಿ ಉಕ್ಕಿನ ತಂತಿಗೆ 1.5 ಬೇಕು. ಅಂದರೆ ದಪ್ಪಕ್ಕೆ ದಪ್ಪ ನೋಡಿದರೆ ಆ ಉಕ್ಕೇ ಸ್ವಲ್ಪ ಮುಂದೆ. ಆದರೆ ಉಕ್ಕು ನೀರಿಗಿಂತ 7.8 ಪಟ್ಟು ಭಾರ, ಈ ನೂಲು ಬರೀ 1.3 ಪಟ್ಟು. ತೂಕಕ್ಕೆ ತೂಕ ಹಿಡಿದರೆ ಜೇಡರ ನೂಲು ಸುಮಾರು ನಾಲ್ಕೂವರೆ ಪಟ್ಟು ಮುಂದೆ ಹೋಗುತ್ತದೆ. ಪುಸ್ತಕದ ಐದು ಪಟ್ಟು ಈ ತೂಕದ ಲೆಕ್ಕ. ಮಗ ಪ್ರಾಜೆಕ್ಟಿನಲ್ಲಿ ಬರೆಯುವಾಗ 'ಅದೇ ತೂಕದ ಉಕ್ಕಿಗಿಂತ' ಎಂದು ಸೇರಿಸಿಕೊಳ್ಳಲಿ.

ನನ್ನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಹಿಗ್ಗುವುದು. ಆ ಉಕ್ಕಿನ ತಂತಿ ತನ್ನ ಉದ್ದದ ಶೇ. 1ರಷ್ಟೂ ಹಿಗ್ಗದೆ ಹರಿಯುತ್ತದೆ. ಜೇಡರ ಎಳೆ ಶೇ. 27ರಷ್ಟು ಹಿಗ್ಗಿ ಆಮೇಲೆ ಹರಿಯುತ್ತದೆ. ಹರಿಯುವವರೆಗೆ ಒಂದು ವಸ್ತು ಎಷ್ಟು ಶಕ್ತಿಯನ್ನು ನುಂಗುತ್ತದೆ ಎಂಬುದನ್ನು ತಾಳಿಕೆ ಎನ್ನೋಣ. ಒಂದು ಘನ ಮೀಟರಿಗೆ ಉಕ್ಕಿನ ತಾಳಿಕೆ 6 ಮೆಗಾಜೂಲ್, ಗುಂಡು ತಡೆಯುವ ಅಂಗಿಗಳಲ್ಲಿ ಬಳಸುವ ಕೆವ್ಲಾರ್‌ನದು 50, ಜೇಡರ ನೂಲಿನದು 160. ಬರೀ ಗಟ್ಟಿತನದಲ್ಲಿ ಕೆವ್ಲಾರ್ ಜೇಡರ ನೂಲಿಗಿಂತ ಮೂರು ಪಟ್ಟು ಜಾಸ್ತಿ. ಆದರೂ ತಾಳಿಕೆಯಲ್ಲಿ ಹಿಂದೆ ಬೀಳುತ್ತದೆ, ಏಕೆಂದರೆ ಅದು ಹಿಗ್ಗುವುದೇ ಕಡಿಮೆ. ಮಡಗಾಸ್ಕರ್‌ನಲ್ಲಿ ನದಿಗೆ ಅಡ್ಡಲಾಗಿ 25 ಮೀಟರ್ ಉದ್ದದ ಎಳೆ ಕಟ್ಟುವ ಡಾರ್ವಿನ್ಸ್ ಬಾರ್ಕ್ ಜೇಡವಿದೆ. ಅದರ ನೂಲಿನ ತಾಳಿಕೆ ಸರಾಸರಿ 350 ಎಂದು 2010ರಲ್ಲಿ ಪ್ರಕಟವಾಯಿತು. ಇದಕ್ಕಿಂತ ಹೆಚ್ಚು ತಾಳಿಕೆಯ ಜೈವಿಕ ವಸ್ತುವನ್ನು ಅಲ್ಲಿಯವರೆಗೆ ಯಾರೂ ಅಳೆದಿರಲಿಲ್ಲ.

ಬಲೆಗೆ ಬೇಕಾದದ್ದೂ ತಾಳಿಕೆಯೇ. ಹಾರಿ ಬಂದು ಬಡಿಯುವ ಜೀರುಂಡೆಯ ವೇಗವನ್ನು ಬಲೆ ನುಂಗಬೇಕು, ವಾಪಸ್ ಎಸೆಯಬಾರದು. ಎಳೆಯನ್ನು ಹಿಗ್ಗಿಸಿದ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಶಾಖವಾಗಿ ಕಳೆದುಹೋಗುತ್ತದೆ. ನಿಮ್ಮ ಮಗನ ಮುಖದ ಮೇಲೆ ಎಳೆ ಹಿಗ್ಗಿ ಹಿಗ್ಗಿ ಹರಿದದ್ದು ಈ ಹಿಗ್ಗುವ ಗುಣದಿಂದಲೇ.

ಇನ್ನು ಪೊರಕೆ. ಇದಕ್ಕೆ ಉತ್ತರ ಸುಲಭ: ಎಳೆ ತುಂಬಾ ಸಣ್ಣದು. ದೊಡ್ಡ ಜೇಡದ ಡ್ರ್ಯಾಗ್‌ಲೈನ್ ದಪ್ಪ ಸುಮಾರು 4 ಮೈಕ್ರಾನ್. ನಮ್ಮ ಕೂದಲು ಅದಕ್ಕಿಂತ ಹದಿನೈದು ಇಪ್ಪತ್ತು ಪಟ್ಟು ದಪ್ಪ. ಲೆಕ್ಕ ಹಾಕಿದರೆ ಅಂಥ ಒಂದೇ ಎಳೆ ಹೊರುವುದು ಒಂದೂವರೆ ಗ್ರಾಂಗಿಂತ ಕಡಿಮೆ. ಅಷ್ಟೇ ಸಣ್ಣ ಉಕ್ಕಿನ ಎಳೆ ಇದ್ದಿದ್ದರೆ ಅದೂ ಎರಡು ಗ್ರಾಂ ದಾಟುತ್ತಿರಲಿಲ್ಲ, ಪೊರಕೆಗೆ ಅದೂ ಹರಿಯುತ್ತಿತ್ತು. ಇದೇ ನೂಲನ್ನು 1 ಮಿಲಿಮೀಟರ್ ದಪ್ಪಕ್ಕೆ ತೆಗೆಯಲು ಸಾಧ್ಯವಾದರೆ, ಕಾಗದದ ಮೇಲಿನ ಲೆಕ್ಕದಲ್ಲಿ 85 ಕಿಲೋ ತೂಕದ ಮನುಷ್ಯ ಅದಕ್ಕೆ ಜೋತುಬೀಳಬಹುದು. ನಮ್ಮ ಮನೆ ಮೂಲೆಯ ಉದ್ದ ಕಾಲಿನ ಜೇಡದ ಎಳೆಯಂತೂ ಇನ್ನೂ ಸಣ್ಣ. ಅದು ನಮ್ಮ ಕಣ್ಣಿಗೆ ಬೀಳುವುದೇ ಧೂಳು ಹಿಡಿದ ಮೇಲೆ.

ಈಗ ಬೇಳೆಗೆ ಬರೋಣ. ಪ್ರೋಟೀನು ಅಂದರೆ ಅಮೈನೋ ಆಮ್ಲಗಳ ಸರಪಳಿ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಬೇರೆ ಬೇರೆ ಕ್ರಮದಲ್ಲಿ ಜೋಡಿಕೊಂಡಿರುತ್ತವೆ. ಮೊಟ್ಟೆಯ ಬಿಳಿಯಲ್ಲಿರುವ ಮುಖ್ಯ ಪ್ರೋಟೀನಿನ ಸರಪಳಿಯಲ್ಲಿ ಸುಮಾರು 385 ಅಮೈನೋ ಆಮ್ಲಗಳಿವೆ. ಎಲ್ಲ ಬಗೆಯವೂ ಕಲೆತಿವೆ. ಸರಪಳಿ ಮಡಚಿ ಮಡಚಿ ಉಂಡೆಯಾಗಿ ಕೂತಿರುತ್ತದೆ. ಬೇಳೆಯ ಪ್ರೋಟೀನು ಕೂಡ ಹೀಗೇ ಉಂಡೆ ಕಟ್ಟಿದ್ದು, ಮೊಳಕೆಗೆ ಆಹಾರವಾಗಲು ಕೂಡಿಟ್ಟದ್ದು. ಮೊಟ್ಟೆ ಬೇಯಿಸಿದರೆ ಉಂಡೆ ಬಿಚ್ಚಿಕೊಂಡು ಸರಪಳಿಗಳು ಸಿಕ್ಕುಸಿಕ್ಕಾಗುತ್ತವೆ. ಅದಕ್ಕೇ ಅದು ಗಟ್ಟಿಯಾಗುತ್ತದೆ. ಆದರೆ ಅವು ಎಲ್ಲ ದಿಕ್ಕಿಗೂ ಹರಡಿರುವುದರಿಂದ ಎಳೆದರೆ ಮುರಿದು ಬೀಳುತ್ತದೆ. ಸರಪಳಿಯ ಒಳಗೆ ಒಂದು ಅಮೈನೋ ಆಮ್ಲವನ್ನು ಇನ್ನೊಂದಕ್ಕೆ ಕಟ್ಟಿರುವ ಬಂಧ ಬೇಳೆ, ಮೊಟ್ಟೆ, ಜೇಡ ಮೂರರಲ್ಲೂ ಒಂದೇ. ವ್ಯತ್ಯಾಸ ಇರುವುದು ಮೂರು ಕಡೆ: ಯಾವ ಕ್ರಮದಲ್ಲಿ ಜೋಡಿಸಿದೆ, ಸರಪಳಿ ಎಷ್ಟು ಉದ್ದ, ಅದನ್ನು ಹೇಗೆ ಎಳೆದು ನೂಲಾಗಿಸಿದೆ.

ಕ್ರಮದ ಗುಟ್ಟು ಮೊದಲು ಬಯಲಾದದ್ದು 1990ರಲ್ಲಿ. ಅಮೆರಿಕದ ವಯೋಮಿಂಗ್‌ನಲ್ಲಿ ರ‍್ಯಾಂಡಿ ಲೂಯಿಸ್ ಮತ್ತು ಅವರ ಸಹೋದ್ಯೋಗಿ ಬಂಗಾರದ ಬಣ್ಣದ ಬಲೆ ಹೆಣೆಯುವ ಜೇಡದ ರೇಷ್ಮೆ ಜೀನಿನ, ಅಂದರೆ ನೂಲಿನ ಪ್ರೋಟೀನಿನ ಕ್ರಮ ಬರೆದಿರುವ ಡಿಎನ್‌ಎಯ, ಒಂದು ಭಾಗವನ್ನು ಓದಿದರು. ಬೊರಿವಲಿಯಲ್ಲಿ ನೀವು ಕಂಡದ್ದು, ಬಣ್ಣ ಮತ್ತು ಗಾತ್ರ ನೋಡಿದರೆ, ಇದೇ ಬಳಗದ ನಮ್ಮ ದೊಡ್ಡ ಕಾಡು ಜೇಡ, ನೆಫಿಲಾ ಪಿಲಿಪೆಸ್ ಇರಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಅದು ಅಲ್ಲಿ ಚೆನ್ನಾಗಿ ಬೆಳೆದಿರುತ್ತದೆ. ಆ ಜೀನಿನಲ್ಲಿ ಕಂಡದ್ದು ಒಂದೇ ಪಾಠದ ಪುನರಾವರ್ತನೆ. ಅಲನಿನ್ ಎಂಬ ಅಮೈನೋ ಆಮ್ಲ ಆರೇಳು ಸಲ ಸಾಲಾಗಿ, ಆಮೇಲೆ ಗ್ಲೈಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ತುಂಬಿದ ಒಂದು ತುಂಡು, ಮತ್ತೆ ಅಲನಿನ್ ಸಾಲು, ಮತ್ತೆ ಗ್ಲೈಸಿನ್ ತುಂಡು. 2007ರಲ್ಲಿ ಬ್ಲ್ಯಾಕ್ ವಿಡೋ ಜೇಡದ ಇಂಥ ಜೀನನ್ನು ಪೂರ್ತಿ ಓದಿದಾಗ ಸರಪಳಿಯ ಉದ್ದ 3,129 ಅಮೈನೋ ಆಮ್ಲ ಎಂದು ತಿಳಿಯಿತು. ಈ ಪ್ರೋಟೀನುಗಳಿಗೆ ಸ್ಪಿಡ್ರಾಯಿನ್ ಎಂದು ಹೆಸರು.

ಅಲನಿನ್, ಗ್ಲೈಸಿನ್ ಎರಡೂ ಅಮೈನೋ ಆಮ್ಲಗಳಲ್ಲೇ ತೀರಾ ಚಿಕ್ಕವು. ಚಿಕ್ಕವಾದ್ದರಿಂದ ಸರಪಳಿಗಳು ಒಂದರ ಪಕ್ಕ ಒಂದು ಒತ್ತಿಕೊಂಡು ಕೂರಬಹುದು. ಅಕ್ಕಪಕ್ಕದ ಸರಪಳಿಗಳ ಅಲನಿನ್ ಸಾಲುಗಳು ಎದುರುಬದುರಾಗಿ ಬಂದಾಗ ಹಾಳೆಯಂತೆ ಹಾಸಿಕೊಳ್ಳುತ್ತವೆ, ಹಾಳೆಗಳು ಒಂದರ ಮೇಲೊಂದು ಕೂರುತ್ತವೆ. ಹೀಗೆ ಆಗುವುದು ಒಂದು ಪುಟ್ಟ ಹರಳು. ಅದರ ಅಗಲ ಕೆಲವೇ ನ್ಯಾನೋಮೀಟರ್ (ಒಂದು ಮೈಕ್ರಾನಿನ ಸಾವಿರದಲ್ಲಿ ಒಂದು ಭಾಗ ಒಂದು ನ್ಯಾನೋಮೀಟರ್). ಗ್ಲೈಸಿನ್ ತುಂಡುಗಳು ಹೀಗೆ ಜೋಡಿಕೊಳ್ಳದೆ ಸಡಿಲವಾಗಿ, ಸುರುಳಿ ಸುತ್ತಿ ಉಳಿಯುತ್ತವೆ. ಎಳೆಯ ಒಳಗೆಲ್ಲಾ ಇದೇ ಕಥೆ. ಒಂದು ಗಟ್ಟಿ ಹರಳು, ಆಮೇಲೆ ಸಡಿಲ ಸುರುಳಿ, ಮತ್ತೆ ಹರಳು. ಒಂದೇ ಸರಪಳಿ ಹಲವು ಹರಳುಗಳ ಮೂಲಕ ಹಾದುಹೋಗುತ್ತದೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಬರುತ್ತದೆ. ಹರಳಿನ ಒಳಗೆ ಸರಪಳಿಗಳನ್ನು ಒಂದಕ್ಕೊಂದು ಹಿಡಿದಿರುವುದು ಹೈಡ್ರೋಜನ್ ಬಂಧ. ಅದು ಬಹಳ ದುರ್ಬಲ ಬಂಧ. ನೀರಿನ ಅಣುಗಳನ್ನು ಒಂದಕ್ಕೊಂದು ಹಿಡಿದಿರುವುದೂ ಅದೇ. ಇಷ್ಟು ದುರ್ಬಲ ಬಂಧ ಉಕ್ಕಿನ ಹತ್ತಿರಕ್ಕೆ ಹೋಗುವ ಗಟ್ಟಿತನ ಕೊಡುವುದು ಹೇಗೆ? ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮಾರ್ಕಸ್ ಬ್ಯೂಲರ್ ಅವರ ತಂಡ 2010ರಲ್ಲಿ ಕಂಪ್ಯೂಟರ್ ಮಾದರಿಯಿಂದ ಇದಕ್ಕೆ ಉತ್ತರ ಹುಡುಕಿತು. ಹರಳು ದೊಡ್ಡದಾಗಿದ್ದರೆ ಎಳೆದಾಗ ಅದು ಬಾಗುತ್ತದೆ. ಆಗ ಬಂಧಗಳು ಒಂದಾದ ಮೇಲೆ ಒಂದರಂತೆ, ಬ್ಯಾಗಿನ ಜಿಪ್ ಬಿಚ್ಚಿದ ಹಾಗೆ, ಬಿಟ್ಟುಕೊಳ್ಳುತ್ತವೆ. ಹರಳು ಎರಡರಿಂದ ನಾಲ್ಕು ನ್ಯಾನೋಮೀಟರಿನಷ್ಟು ಚಿಕ್ಕದಿದ್ದರೆ ಬಾಗುವುದಿಲ್ಲ, ಸೆಳೆತ ಎಲ್ಲ ಬಂಧಗಳ ಮೇಲೂ ಒಟ್ಟಿಗೆ ಬೀಳುತ್ತದೆ. ಬಂಧಗಳು ಒಟ್ಟಾಗಿ ತಡೆಯುತ್ತವೆ. ಒಂದೆರಡು ಬಿಟ್ಟರೂ ಪಕ್ಕಕ್ಕೆ ಸರಿದು ಮತ್ತೆ ಕೂಡಿಕೊಳ್ಳುತ್ತವೆ. ಹರಳು ದೊಡ್ಡದಾದಷ್ಟೂ ಎಳೆ ಗಟ್ಟಿ ಎಂದು ನಾವೆಲ್ಲ ಸುಮ್ನೆ ಊಹಿಸಿಬಿಡುತ್ತೇವೆ. ಇಲ್ಲಿ ಚಿಕ್ಕದಾಗಿರುವುದೇ ಶಕ್ತಿ. ಅಲನಿನ್ ಸಾಲು ಆರೇಳಕ್ಕೆ ನಿಲ್ಲುವುದರಿಂದ ಹರಳು ಆ ದಿಕ್ಕಿನಲ್ಲಿ ದೊಡ್ಡದಾಗಲು ಜಾಗವೇ ಇಲ್ಲ. ಅಂದರೆ ಅಳತೆ ಜೀನಿನಲ್ಲೇ ಬರೆದಿದೆ.

ಹಿಗ್ಗುವ ಕೆಲಸ ಸಡಿಲ ಸುರುಳಿಗಳದ್ದು. ಎಳೆಯಲು ಶುರು ಮಾಡಿದಾಗ ನೂಲು ಮೊದಲು ಬಿಗಿಯಾಗಿರುತ್ತದೆ. ಸ್ವಲ್ಪ ಎಳೆಯುತ್ತಲೇ ಸುರುಳಿಗಳನ್ನು ಹಿಡಿದಿದ್ದ ಸಣ್ಣಪುಟ್ಟ ಬಂಧಗಳು ಬಿಟ್ಟುಹೋಗಿ ನೂಲು ಮೆತ್ತಗಾಗುತ್ತದೆ, ಮಡಚಿಟ್ಟಿದ್ದ ಉದ್ದ ಹೊರಬರುತ್ತದೆ. ಸುರುಳಿಯೆಲ್ಲ ಬಿಚ್ಚಿ ಮುಗಿದ ಮೇಲೆ ಸೆಳೆತ ಹರಳುಗಳ ಮೇಲೆ ಬೀಳುತ್ತದೆ, ಆಗ ನೂಲು ಮತ್ತೆ ಬಿಗಿಯಾಗುತ್ತದೆ. ಹರಳು ಕೈಬಿಟ್ಟಾಗಲೇ ಎಳೆ ಹರಿಯುವುದು. ಈ ಬಿಗಿ, ಮೆತ್ತಗೆ, ಮತ್ತೆ ಬಿಗಿ ಎಂಬ ನಡೆಯಿಂದ ಇಡೀ ಬಲೆಗೂ ಲಾಭವಿದೆ ಎಂದು ಅದೇ ತಂಡ 2012ರಲ್ಲಿ ತೋರಿಸಿತು. ಪೆಟ್ಟು ಬಿದ್ದ ಕಡೆಯ ಎಳೆ ಮಾತ್ರ ಹರಿದು ಉಳಿದ ಬಲೆ ಉಳಿದುಕೊಳ್ಳುತ್ತದೆ.

ಡ್ರ್ಯಾಗ್‌ಲೈನಿನಲ್ಲಿ ಮುಖ್ಯವಾಗಿ ಎರಡು ಸ್ಪಿಡ್ರಾಯಿನ್‌ಗಳಿವೆ. ಎರಡನೆಯದರಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲ ಇರುತ್ತದೆ. ಅದು ಸರಪಳಿಯನ್ನು ತಿರುಚಿ, ನೇರವಾಗಿ ಜೋಡಿಕೊಳ್ಳಲು ಬಿಡುವುದಿಲ್ಲ. ಅದು ಜಾಸ್ತಿ ಇದ್ದರೆ ನೂಲಿನ ಸ್ಥಿತಿಸ್ಥಾಪಕತೆ ಜಾಸ್ತಿ. ಬಲೆಯ ಸುತ್ತುಗಳಿಗೆ ಬಳಸುವ ನೂಲು ಬೇರೆಯೇ ಗ್ರಂಥಿಯದು. ಅದರ ಪ್ರೋಟೀನಿನಲ್ಲಿ ಅಲನಿನ್ ಸಾಲೇ ಇಲ್ಲ. ಪರಿಣಾಮ ನೋಡಿ: ಗಟ್ಟಿತನ ಅರ್ಧಕ್ಕಿಳಿದು 0.5 ಗಿಗಾಪಾಸ್ಕಲ್, ಆದರೆ ತನ್ನ ಉದ್ದದ ಶೇ. 270ರಷ್ಟು ಹಿಗ್ಗುತ್ತದೆ. ಪ್ರೋಟೀನಿನ ಕ್ರಮಕ್ಕೂ ನೂಲಿನ ಗುಣಕ್ಕೂ ಇರುವ ನಂಟಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಒಂದೇ ಜೇಡ, ಒಂದೇ ಬಲೆ, ಎರಡು ಸರಪಳಿ, ಎರಡು ಗುಣ.

ಎರಡನೆಯದು ಸರಪಳಿಯ ಉದ್ದ. ಸರಪಳಿ ಚಿಕ್ಕದಾದರೆ ಎಳೆಯ ಒಳಗೆ ತುದಿಗಳು ಜಾಸ್ತಿ, ಸರಪಳಿಗಳು ಒಂದರ ಪಕ್ಕದಿಂದ ಒಂದು ಜಾರಿಕೊಳ್ಳುವುದು ಸುಲಭ. ಕಾರ್ಖಾನೆಯ ಪ್ರಶ್ನೆ ಸಿಕ್ಕಿಕೊಂಡದ್ದು ಇಲ್ಲೇ. ಜೇಡಗಳನ್ನು ರೇಷ್ಮೆಹುಳುವಿನ ಹಾಗೆ ಸಾಕಲು ಆಗುವುದಿಲ್ಲ, ಒಟ್ಟಿಗೆ ಇಟ್ಟರೆ ಒಂದನ್ನೊಂದು ತಿನ್ನುತ್ತವೆ. ಮಡಗಾಸ್ಕರ್‌ನಲ್ಲಿ ಜೇಡರ ನೂಲಿನಿಂದ ನೇಯ್ದ ಬಂಗಾರದ ಬಣ್ಣದ ಮೇಲಂಗಿಯನ್ನು 2012ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇಟ್ಟಿದ್ದರು. ಅದೊಂದಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜೇಡಗಳನ್ನು ಕಾಡಿನಿಂದ ಹಿಡಿದು ನೂಲು ತೆಗೆದು ಬಿಟ್ಟಿದ್ದರು.

ಆದ್ದರಿಂದ ಜನ ಜೀನನ್ನೇ ಬೇರೆ ಜೀವಿಗೆ ಹಾಕಲು ನೋಡಿದರು. ಆಡಿನ ಹಾಲಿನಲ್ಲಿ ಈ ಪ್ರೋಟೀನು ಬರುವಂತೆ ಮಾಡಿದರು, ಬ್ಯಾಕ್ಟೀರಿಯಾದಲ್ಲಿ ಮಾಡಿದರು. ಪ್ರೋಟೀನು ಬಂತು, ಆದರೆ ಬಹಳ ವರ್ಷ ಚಿಕ್ಕ ಚಿಕ್ಕ ಸರಪಳಿಗಳೇ ಬಂದವು. ಕಾರಣ ಆ ಪುನರಾವರ್ತನೆಯೇ. ಒಂದೇ ಪಾಠ ನೂರು ಸಲ ಬಂದರೆ ಬ್ಯಾಕ್ಟೀರಿಯಾ ಜೀನಿನ ತುಂಡುಗಳನ್ನು ಕತ್ತರಿಸಿ ಬಿಸಾಡುತ್ತದೆ. ಜೊತೆಗೆ ಅಷ್ಟು ಗ್ಲೈಸಿನ್ ಪೂರೈಸಲು ಅದಕ್ಕೆ ಆಗುವುದಿಲ್ಲ. 2010ರಲ್ಲಿ ಕೊರಿಯಾದ ತಂಡವೊಂದು ಗ್ಲೈಸಿನ್ ಪೂರೈಕೆ ಹೆಚ್ಚಿಸಿ ಜೇಡದ್ದಷ್ಟೇ ಉದ್ದದ ಸರಪಳಿ ತೆಗೆಯಿತು. 2018ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಎರಡು ತುಂಡುಗಳನ್ನು ಆಮೇಲೆ ಬೆಸೆದು ಅದರ ಎರಡರಷ್ಟು ಉದ್ದ ಮಾಡಿದರು. ಅದರಿಂದ ಎಳೆದ ನೂಲು 1.03 ಗಿಗಾಪಾಸ್ಕಲ್ ತಾಳಿತು, ಅಂದರೆ ಜೇಡರ ನೂಲಿನ ಮಟ್ಟ. 2023ರಲ್ಲಿ ಚೀನಾದ ಸಂಶೋಧಕರು ಜೇಡದ ಜೀನನ್ನು ರೇಷ್ಮೆಹುಳುವಿಗೇ ಹಾಕಿ 1.3 ಗಿಗಾಪಾಸ್ಕಲ್ ಗಟ್ಟಿತನದ, 319 ಮೆಗಾಜೂಲ್ ತಾಳಿಕೆಯ ಎಳೆ ಪಡೆದರು. ನನಗೆ ಹೆಚ್ಚು ನಂಬಿಕೆ ಇರುವುದು ಈ ಕೊನೆಯ ದಾರಿಯಲ್ಲಿ. ನೂಲುವ ಯಂತ್ರ ಹುಳುವಿನ ಒಳಗೇ ತಯಾರಿದೆ, ಸಾಕುವ ವಿದ್ಯೆ ರಾಮನಗರ, ಶಿಡ್ಲಘಟ್ಟದ ಕಡೆಯ ಮನೆಮನೆಗೂ ಗೊತ್ತು.

ನೂಲುವುದೇ ಮೂರನೆಯ ಮಾತು. ಜೇಡದ ಗ್ರಂಥಿಯಲ್ಲಿ ಪ್ರೋಟೀನು ದ್ರವವಾಗಿ ಇರುತ್ತದೆ. ಅದರಲ್ಲಿ ಶೇ. 30ರಿಂದ 50 ಪ್ರೋಟೀನು, ಉಳಿದದ್ದು ನೀರು. ಇಷ್ಟು ದಟ್ಟ ದ್ರವ ಒಳಗೇ ಹೆಪ್ಪುಗಟ್ಟದೆ ಇರುವುದು ದೊಡ್ಡ ವಿಷಯ. ಸರಪಳಿಯ ಎರಡು ತುದಿಗಳಲ್ಲಿ ಪುನರಾವರ್ತನೆ ಇಲ್ಲದ ಎರಡು ಚಿಕ್ಕ ಭಾಗಗಳಿವೆ, ಅವು ಇದನ್ನು ಕಾಯುತ್ತವೆ. ಗ್ರಂಥಿಯಲ್ಲಿ ಪಿಎಚ್ ಸುಮಾರು 7.6 (ಪಿಎಚ್ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ). ನಾಳದಲ್ಲಿ ಮುಂದೆ ಹೋದಂತೆ ಅದು 5.7ಕ್ಕೆ ಇಳಿಯುತ್ತದೆ. ಹುಳಿ ಏರಿದಾಗ ಒಂದು ತುದಿಯ ಭಾಗಗಳು ಜೋಡಿ ಕಟ್ಟಿ ಸರಪಳಿಗಳನ್ನು ಸಾಲಾಗಿ ಸೇರಿಸುತ್ತವೆ. ಇನ್ನೊಂದು ತುದಿ ಬಿಚ್ಚಿಕೊಂಡು ಹರಳಿಗೆ ಬೀಜವಾಗುತ್ತದೆ. ನಾಳ ಕಿರಿದಾಗುತ್ತಾ ಹೋಗುತ್ತದೆ, ಅದರಲ್ಲಿ ಹರಿಯುವಾಗ ಸರಪಳಿಗಳು ಒಂದೇ ದಿಕ್ಕಿಗೆ ತಿರುಗುತ್ತವೆ. ಕೊನೆಗೆ ಜೇಡ ಹಿಂಗಾಲಿನಿಂದಲೋ ಮೈಭಾರದಿಂದಲೋ ಎಳೆಯನ್ನು ಎಳೆಯುತ್ತದೆ. ಬರೀ ನೀರಿನ ದ್ರಾವಣದಲ್ಲಿ, ಹೊರಗಿನ ಸಾಮಾನ್ಯ ಬಿಸಿಯಲ್ಲೇ, ಇಷ್ಟೂ ಮುಗಿಯುತ್ತದೆ. ಕೆವ್ಲಾರ್ ಎಳೆಯಲು ಬಿಸಿ ಗಂಧಕಾಮ್ಲ ಬೇಕು.

ಎಳೆಯುವ ವೇಗ ಬದಲಾದರೆ ಅದೇ ಪ್ರೋಟೀನಿನ ನೂಲಿನ ಗುಣವೂ ಬದಲಾಗುತ್ತದೆ. ಇದನ್ನು ನಮ್ಮ ರೇಷ್ಮೆಯಲ್ಲೇ ನೋಡಬಹುದು. ಮಾಟುಂಗದ ಅಂಗಡಿಗಳಲ್ಲಿ ಸಿಗುವ ಮೈಸೂರು ಸಿಲ್ಕ್ ಸೀರೆಯ ಎಳೆ ಕೂಡ ಗ್ಲೈಸಿನ್, ಅಲನಿನ್‌ಗಳ ಪುನರಾವರ್ತನೆಯೇ. ಆದರೂ ಅದರ ಗಟ್ಟಿತನ 0.6 ಗಿಗಾಪಾಸ್ಕಲ್, ಜೇಡರದ್ದಕ್ಕೆ ಅರ್ಧ. ರೇಷ್ಮೆಹುಳು ತಲೆಯನ್ನು ಎಂಟರ ಅಂಕಿಯಂತೆ ಆಡಿಸುತ್ತಾ, ನಿಂತು ಹೊರಟು ಗೂಡು ಕಟ್ಟುತ್ತದೆ. ಅದೇ ಹುಳುವಿನಿಂದ ಎಳೆಯನ್ನು ನಿಲ್ಲಿಸದೆ ಒಂದೇ ವೇಗದಲ್ಲಿ ಎಳೆದಾಗ ಅದು ಬಹಳ ಗಟ್ಟಿಯಾಗಿ, ಜೇಡರ ನೂಲಿನ ಹತ್ತಿರಕ್ಕೆ ಬಂತು ಎಂದು 2002ರಲ್ಲಿ ಆಕ್ಸ್‌ಫರ್ಡ್‌ನ ಫ್ರಿಟ್ಜ್ ವೋಲ್‌ರಾತ್ ಮತ್ತು ಸಂಗಡಿಗರು ತೋರಿಸಿದರು. ಅಸ್ಸಾಮಿನ ಮುಗಾ ಹುಳು ಇನ್ನೂ ಕುತೂಹಲದ್ದು. ಅದರ ಪ್ರೋಟೀನಿನಲ್ಲಿ ಜೇಡದ ಹಾಗೆ ಅಲನಿನ್ ಸಾಲುಗಳೇ ಇವೆ. ಪತಂಗಕ್ಕೂ ಜೇಡಕ್ಕೂ ರೇಷ್ಮೆ ಬೇರೆ ಬೇರೆಯಾಗಿ ಬಂದದ್ದು, ಆದರೂ ದಾರಿ ಒಂದೇ ಕಡೆ ಕೂಡಿದೆ.

ಪ್ರಾಜೆಕ್ಟಿಗೆ ನಾನು ಹೇಳುವುದು ನೀರಿನ ಪರೀಕ್ಷೆ. ಜೇಡರ ಡ್ರ್ಯಾಗ್‌ಲೈನ್ ಒದ್ದೆಯಾದರೆ ಕುಗ್ಗುತ್ತದೆ, ಕೆಲವು ಜಾತಿಗಳಲ್ಲಿ ಅರ್ಧ ಉದ್ದಕ್ಕೆ ಇಳಿಯುತ್ತದೆ. ನೀರು ಸಡಿಲ ಭಾಗದ ಬಂಧಗಳನ್ನು ಬಿಡಿಸುತ್ತದೆ, ಎಳೆದು ನೇರ ಮಾಡಿದ್ದ ಸರಪಳಿ ಮತ್ತೆ ಸುರುಳಿಯಾಗುತ್ತದೆ. ಪ್ರೋಲಿನ್ ಜಾಸ್ತಿ ಇದ್ದರೆ ಕುಗ್ಗುವುದೂ ಜಾಸ್ತಿ. ನಮ್ಮ ಮಳೆಗಾಲದ ಗಾಳಿಯ ತೇವವೇ ಇದಕ್ಕೆ ಸಾಕು. ಜೇಡರ ನೂಲಿನ ಹಗ್ಗ ಮಾಡಬೇಕೆನ್ನುವವರಿಗೆ ಇದು ನಿಜವಾದ ತಲೆನೋವು.

ಉದ್ಯಾನದಿಂದ ಜೇಡ ತರಬೇಡಿ, ಅಲ್ಲಿಂದ ಏನನ್ನೂ ತರುವ ಹಾಗಿಲ್ಲ. ನಿಮ್ಮ ಸೊಸೈಟಿಯ ತೋಟದಲ್ಲಿ ಕಾಲುಗಳನ್ನು ಗುಣಾಕಾರದ ಗುರುತಿನಂತೆ ಇಟ್ಟು ಕೂರುವ ಜೇಡ ಸಿಗುತ್ತದೆ. ಅದನ್ನು ಒಂದು ಕಡ್ಡಿಯ ಮೇಲೆ ಹತ್ತಿಸಿ ಮೆಲ್ಲಗೆ ತಟ್ಟಿದರೆ ನೂಲು ಬಿಟ್ಟು ಕೆಳಗಿಳಿಯುತ್ತದೆ. ನಡುವೆ ಚೌಕ ಕತ್ತರಿಸಿದ ರಟ್ಟಿಗೆ ಆ ಎಳೆಯನ್ನು ಅಡ್ಡಲಾಗಿ ಅಂಟಿಸಿ, ಜೇಡವನ್ನು ಅದರ ಜಾಗಕ್ಕೇ ಬಿಡಿ. ರಟ್ಟನ್ನು ಒಂಚೂರು ಬಾಗಿಸಿದರೆ ಎಳೆ ಜೋಲುತ್ತದೆ. ಹಿಂದೆ ಕಪ್ಪು ಕಾಗದ ಹಿಡಿದು ಪಕ್ಕದಿಂದ ಟಾರ್ಚ್ ಬಿಟ್ಟರೆ ಅದು ಚೆನ್ನಾಗಿ ಕಾಣುತ್ತದೆ. ಈಗ ಸ್ಪ್ರೇ ಬಾಟಲಿಯಿಂದ ದೂರದಿಂದಲೇ ತೆಳ್ಳಗೆ ನೀರು ಹಾಯಿಸಲಿ, ಜೋಲು ಹೋಗಿ ಎಳೆ ಬಿಗಿಯಾಗುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಲಿ. ಪಕ್ಕದಲ್ಲೇ ಹಳೆಯ ರೇಷ್ಮೆ ಸೀರೆಯ ಅಂಚಿನಿಂದ ಬಿಡಿಸಿದ ಒಂದು ಎಳೆಯನ್ನೂ ಹಾಗೇ ಅಂಟಿಸಿ. ಅದು ಒದ್ದೆಯಾದರೂ ಈ ರೀತಿ ಕುಗ್ಗುವುದಿಲ್ಲ. ಎರಡೂ ಪ್ರೋಟೀನೇ ಆದರೂ ಒಂದು ಯಾಕೆ ಕುಗ್ಗಿತು, ಇನ್ನೊಂದು ಯಾಕೆ ಕುಗ್ಗಲಿಲ್ಲ ಎಂಬುದನ್ನು ಮೇಲೆ ಹೇಳಿದ ಸಡಿಲ ಭಾಗ, ಪ್ರೋಲಿನ್‌ಗಳಿಂದ ಅವನೇ ವಿವರಿಸಿ ಬರೆಯಲಿ.